ಕಡಲಿಗಿಳಿದ ತಲೆಗೊಂದು ಟೋಪಿ

ಟೋಪಿ ಕೊಳ್ಳುವ ಮೊದಲು ಅದರೊಳಗೆ ಮೂಗಿಟ್ಟು ಮೂಸುವವರು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಕಳೆದ ತಿಂಗಳು, ದುಬೈಯಿಂದ ಒಂದು ಗಂಟೆಯ ದಾರಿಯ ಈ ಖಲೀಫಾ ಸಿಟಿಯಲ್ಲಿ, ನಮ್ಮ ಮೇಲಿನ ಮನೆಯ ಶೈಲಜಾ ಮೂರು ಟೋಪಿ ಹಿಡಿದುಕೊಂಡು ಬಂದಳು. ಅವಳ ಗಂಡ ಹಾಯಿದೋಣಿ ನಡೆಸಲು ಕಲಿಯುತ್ತಿದ್ದಾನಂತೆ. "ಅಕ್ಕಾ, ನಿಮಗೆ ಇದೆಲ್ಲ ಗೊತ್ತುಂಟಲ್ಲ, ಒಂದು ಆರಿಸಿ ಕೊಡಿ, ಉಳಿದದ್ದು ವಾಪಸ್ ಮಾಡ್ತೇನೆ" ಎಂದಳು. ನಾನು ಒಂದೊಂದನ್ನಾಗಿ ಮೂಸಿದೆ. ಎರಡರಲ್ಲಿ ಹೊಸ ಬಟ್ಟೆಯ ಗಂಜಿವಾಸನೆ. ಮೂರನೆಯದರಲ್ಲಿ, ಬಹಳ ಸಣ್ಣಗೆ, ಈಜುಕೊಳದ ಕ್ಲೋರಿನ್. "ಇದನ್ನು ಯಾರೋ ಹಾಕಿಕೊಂಡು ನೀರಿಗೆ ಹೋಗಿ ಬಂದು, ಅಂಗಡಿಗೆ ತಿರುಗಿ ಕೊಟ್ಟಿದ್ದಾರೆ" ಎಂದೆ. ಶೈಲಜಾ ಬೆರಗಾಗಿ ನೋಡಿದಳು. ಅವಳು ಹೋದ ಮೇಲೂ ಆ ವಾಸನೆ ಮೂಗಿನಲ್ಲೇ ಉಳಿಯಿತು. ಅದರ ಹಿಂದೆಯೇ ಮಿರ್ದಿಫ್‌ನ ಆ ಒಂದು ಚಳಿಗಾಲ ಪೂರ್ತಿಯಾಗಿ ಬಂದು ಕೂತಿತು.

ಆಗ ನಾವು ದುಬೈಯಲ್ಲಿದ್ದೆವು. ಮಿರ್ದಿಫ್‌ನಲ್ಲಿ ಕಂಪನಿ ಕೊಟ್ಟ ಎರಡು ಕೋಣೆಯ ಮನೆ, ತಲೆಯ ಮೇಲೆ ಹತ್ತು ನಿಮಿಷಕ್ಕೊಂದು ವಿಮಾನ. ಇವರು, ಅಂದರೆ ನನ್ನ ಗಂಡ ಜಯಾನಂದ, ಸರಕು ಸಾಗಣೆಯ ಕಂಪನಿಯೊಂದರಲ್ಲಿ ಹದಿನೆಂಟು ವರ್ಷದಿಂದ ಇದ್ದರು. ಮಗಳು ಅನ್ವಿತಾ ಆ ವರ್ಷ ಹನ್ನೆರಡನೇ ಕ್ಲಾಸು, ಫೆಬ್ರವರಿಯಿಂದ ಬೋರ್ಡ್ ಪರೀಕ್ಷೆ. ನಾನು ಆಸ್ಪತ್ರೆಯೊಂದರಲ್ಲಿ ಆಪರೇಷನ್ ಉಪಕರಣಗಳನ್ನು ತೊಳೆದು ಹಬೆಯಲ್ಲಿ ಶುದ್ಧ ಮಾಡುವ ವಿಭಾಗದಲ್ಲಿದ್ದೆ. ಆ ಕೆಲಸದಲ್ಲಿ ಕಣ್ಣಿಗೆ ಹೊಳೆಯುವುದೆಲ್ಲ ಶುದ್ಧವಲ್ಲ. ಪೊಟ್ಟಣದ ಮೇಲೆ ಅಂಟಿಸಿದ ಪಟ್ಟಿಯ ಗೆರೆಗಳು ಹಬೆಗೆ ಕಪ್ಪಾದರೆ ಮಾತ್ರ ನಂಬಬೇಕು. ಇಪ್ಪತ್ತು ವರ್ಷ ಆ ಪಟ್ಟಿ ನೋಡಿ ನೋಡಿ ನನಗೆ ಮನುಷ್ಯರ ಮುಖದ ಮೇಲೂ ಗೆರೆ ಕಪ್ಪಾಗಿದೆಯೇ ಎಂದು ನೋಡುವ ರೋಗ ಹತ್ತಿದೆ. ಅನುಮಾನಂ ಪೆದ್ದ ರೋಗಂ ಎನ್ನುತ್ತಾರೆ, ಇರಲಿ. ನನ್ನ ಅನುಮಾನದಿಂದ ಆಸ್ಪತ್ರೆಯಲ್ಲಿ ಯಾರಿಗೂ ಸೋಂಕು ತಗಲಿಲ್ಲ.

ನವೆಂಬರಿನಲ್ಲಿ ಇವರ ಆಫೀಸಿಗೆ ಹೊಸ ಮ್ಯಾನೇಜರ್ ಬಂದ. ಆಸ್ಟ್ರೇಲಿಯಾದವನು, ಹೆಸರು ಗ್ರೆಗ್. ಬಂದ ವಾರದಲ್ಲೇ ಎರಡು ಸುದ್ದಿ ಹಬ್ಬಿತು. ಒಂದು, ಕಂಪನಿಯಲ್ಲಿ ಜನ ಕಡಿಮೆ ಮಾಡಲು ಒಂದು ಪಟ್ಟಿ ತಯಾರಾಗುತ್ತಿದೆ. ಇನ್ನೊಂದು, ಗ್ರೆಗ್‌ಗೆ ಹಾಯಿದೋಣಿಯ ಹುಚ್ಚು, ಶನಿವಾರ ಬೆಳಿಗ್ಗೆ ಅವನ ಜೊತೆ ದೋಣಿಗೆ ಬರಲು ಇಬ್ಬರು ಬೇಕಂತೆ. ನನ್ನ ಮಟ್ಟಿಗೆ ಇವೆರಡೂ ಒಂದೇ ಸುದ್ದಿ. ಆದರೆ ಇವರು ಆ ದಿನ ನಗುತ್ತಾ ಮನೆಗೆ ಬಂದರು.

"ನನ್ನ ಫೈಲಿನಲ್ಲಿ ಊರು ನೋಡಿದನಂತೆ. ಕಾಪು ಎಲ್ಲಿ ಅಂತ ಕೇಳಿದ. ಕಡಲ ಬದಿ ಅಂದೆ. ಹಾಗಾದ್ರೆ ನೀನು ಕಡಲಿನ ಮಗ, ಶನಿವಾರ ಬಾ ಅಂದ. ವಿಲ್ಲಿಯನ್ನೂ ಕರೆದಿದ್ದಾನೆ."

ವಿಲ್ಲಿ ಎಂದರೆ ವಿಲ್ಫ್ರೆಡ್, ಶಿರ್ವದ ಕಡೆಯ ಕೊಂಕಣಿ ಮಾತಾಡುವ ಕ್ರಿಶ್ಚಿಯನ್, ಇವರ ಪಕ್ಕದ ಮೇಜಿನವನು. "ಪಟ್ಟಿ ಮಾಡುವವನು ದೋಣಿಗೆ ಕರೆದರೆ ಏನರ್ಥ?" ಎಂದು ನಾನು ಕೇಳಿದೆ. "ದೋಣಿಗೆ ಕರೆದ ಅಂತ ಅರ್ಥ" ಎಂದರು ಇವರು. ನನ್ನದೂ ಮಗಳದೂ ವೀಸಾ ಇವರ ಮೇಲೆ, ಮನೆ ಕಂಪನಿಯದು. ಪರೀಕ್ಷೆಗೆ ಮೊದಲು ಆ ಕೆಲಸ ಹೋದರೆ ಹನ್ನೆರಡನೇ ಕ್ಲಾಸಿನ ನಡುವೆ ಹುಡುಗಿಯನ್ನು ಎಬ್ಬಿಸಿಕೊಂಡು ಊರಿಗೆ ಹೋಗಬೇಕು. ಆ ಹೊತ್ತಿಗೆ ಯಾವ ಶಾಲೆಯೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ, ಒಂದು ವರ್ಷ ನೀರಿಗೆ ಬಿತ್ತೆಂದೇ ಲೆಕ್ಕ. ಇದು ಇವರಿಗೂ ಗೊತ್ತಿತ್ತು. ಆದ್ದರಿಂದಲೇ ಆ ನಗು ನನಗೆ ಸರಿ ಕಾಣಲಿಲ್ಲ.

ಆದರೂ ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳಾದೀತು. ನಾನು ಸುಳ್ಯದ ಒಳಗಿನ ಊರಿನವಳು, ಮದುವೆಯಾಗುವ ತನಕ ಕಡಲನ್ನು ಎರಡು ಸಲ ನೋಡಿದವಳು. ಹೆಣ್ಣು ನೋಡಲು ಬಂದಾಗ ನಮ್ಮಪ್ಪ ಇವರನ್ನು ಈಜು ಬರುತ್ತದೆಯೇ ಎಂದು ಕೇಳಿದ್ದರು. "ಕಡಲಕರೆಯವರ ಹತ್ರ ಈಜು ಬರ್ತದಾ ಅಂತ ಕೇಳುವುದಾ ಮಾವ?" ಎಂದು ಇವರು ನಕ್ಕಿದ್ದರು. ನಮ್ಮ ಮನೆಯವರೆಲ್ಲ ಆ ಮಾತನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು. ಮಿರ್ದಿಫ್‌ನ ಗೆಳತಿಯರಿಗೆ ನಾನೂ ಹೇಳಿದೆ.

ಮೊದಲ ಶನಿವಾರ ಇವರು ಬೇಯಿಸಿದ ಏಡಿಯ ಹಾಗೆ ಕೆಂಪಾಗಿ ಬಂದರು. ಇವರದ್ದು ಹುಡುಕಿದರೂ ಒಂದು ಕೂದಲು ಸಿಗದ ತಲೆ. ತಂಪು ಗಾಳಿಯಿತ್ತು, ಬಿಸಿಲು ಗೊತ್ತೇ ಆಗಲಿಲ್ಲವಂತೆ. ಎರಡು ದಿನ ತಲೆಯ ಚರ್ಮ ಸುಲಿಯಿತು. ಎರಡನೇ ಶನಿವಾರ ಮಗಳ ಹಳೆಯ ಕ್ರಿಕೆಟ್ ಕ್ಯಾಪ್ ಹಾಕಿಕೊಂಡು ಹೋದರು. ತಲೆ ಉಳಿಯಿತು, ಎರಡು ಕಿವಿಯೂ ಕತ್ತಿನ ಹಿಂಭಾಗವೂ ಸುಟ್ಟವು. ಆಗ ನಾನು ಈ ಕೆಲಸವನ್ನು ಕೈಗೆ ತೆಗೆದುಕೊಂಡೆ. ಗಂಡನನ್ನು ಮ್ಯಾನೇಜರನ ಕೈಯಿಂದ ಉಳಿಸಲು ನನ್ನಿಂದಾಗದು, ಸೂರ್ಯನ ಕೈಯಿಂದಾದರೂ ಉಳಿಸೋಣ ಎಂದು ಹೊರಟೆ.

ಬರ್ ದುಬೈಯ ಬಟ್ಟೆ ಅಂಗಡಿಗಳ ಸಾಲಿನಲ್ಲಿ ಒಬ್ಬ, ನಾನು ಕಣ್ಣು ಹಾಯಿಸುವ ಮೊದಲೇ, ಒಂದು ದೊಡ್ಡ ಹುಲ್ಲಿನ ಟೋಪಿಯನ್ನು ಇವರ ತಲೆಗಿಟ್ಟು "ಮೇಡಂ, ಎಕ್ಸ್‌ಪೋರ್ಟ್ ಪೀಸ್, ಲಾಸ್ಟ್ ಒನ್" ಎಂದ. ಕೊನೆಯದು ಎಂದವನ ಹಿಂದೆ ಅಂಥವೇ ಹನ್ನೆರಡು ನೇತಾಡುತ್ತಿದ್ದವು. ಆದರೂ ಅಂಚು ಅಗಲವಿತ್ತು, ಕಿವಿ ಕತ್ತು ಎಲ್ಲ ನೆರಳಿನೊಳಗೆ ಬಂತು, ಕೊಂಡೆ. ಮೂರನೇ ಶನಿವಾರ ಇವರು ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬಾವು ಹೊತ್ತು ಬಂದರು.

"ಹಾಯಿಯ ಅಡಿಯಲ್ಲಿ ಒಂದು ಅಡ್ಡ ಕೋಲುಂಟು, ಬೂಮ್ ಅಂತ. ದೋಣಿ ತಿರುಗಿಸುವಾಗ ಅದು ಈ ಬದಿಯಿಂದ ಆ ಬದಿಗೆ ಬರ್ತದೆ. ತಗ್ಗಬೇಕು" ಎಂದರು.

"ಮತ್ತೆ ತಗ್ಗಲಿಲ್ಲ ಯಾಕೆ?"

ಇವರು ಬಾವು ಸವರಿಕೊಳ್ಳುತ್ತಾ ಬಚ್ಚಲಿಗೆ ಹೋದರು. ನನಗೆ ಅಷ್ಟು ಸಾಕು. ದೋಣಿಯ ಕೋಲು ತಾಗಿದರೆ ಇಷ್ಟು ದುಂಡಗೆ ಬಾವು ಬರುತ್ತದೆಯೇ, ಯಾರಾದರೂ ಹೊಡೆದರೇ, ಹೊಡೆದರೆ ಯಾಕೆ ಎಂದು ತಲೆ ಓಡಿತು. ವಿಲ್ಲಿಗೆ ಫೋನು ಮಾಡಿದೆ. "ಟೋಪಿಯದ್ದೇ ತಪ್ಪು ಕುಸುಮಕ್ಕ" ಎಂದ ಅವನು. "ಅಂಚು ಕಣ್ಣಿನ ಮೇಲೆ ಮನೆಯ ಮಾಡು ಇಳಿಸಿದ ಹಾಗೆ ಇತ್ತು. ಮೇಲಿನಿಂದ ಬಂದದ್ದು ಇವರಿಗೆ ಕಾಣ್ಲೇ ಇಲ್ಲ. ಹಾಯಿ ನೋಡ್ಲಿಕ್ಕೂ ಆಗುದಿಲ್ಲ ಅದರಲ್ಲಿ." ಅಂದರೆ ನಾನು ಕೊಂಡ ಟೋಪಿಯೇ ಹೊಡೆಸಿತ್ತು. ಬಿಸಿಲಿಗೆ ಒಳ್ಳೆಯದಾದ ಟೋಪಿ ದೋಣಿಗೆ ಒಳ್ಳೆಯದಲ್ಲ ಎಂದು ಆ ದಿನ ಗೊತ್ತಾಯಿತು.

ಮುಂದಿನ ಟೋಪಿಯನ್ನು ನಾನು ಆಸ್ಪತ್ರೆಯ ಕ್ರಮದಲ್ಲೇ ಆರಿಸಿದೆ. ನಾಲ್ಕು ಅಂಗಡಿ ತಿರುಗಿದೆ. ಬಿಸಿಲು ತಡೆಯುತ್ತದೆ ಎಂದು ಚೀಟಿ ಅಂಟಿಸಿದ ಟೋಪಿಯನ್ನು ಅಂಗಡಿಯ ದೀಪಕ್ಕೆ ಹಿಡಿದು ನೋಡಿದರೆ ದೀಪ ಪೂರ್ತಿ ಕಾಣುತ್ತಿತ್ತು. ಒಂದನ್ನು ಒದ್ದೆ ಮಾಡಿ ಹಿಂಡಿದರೆ ದೋಸೆಯ ಹಾಗೆ ಮಡಚಿ ಬಿತ್ತು. ಒಂದರ ದಾರ ಗಲ್ಲದಡಿ ಬಿಗಿದರೆ ಉಸಿರೇ ನಿಲ್ಲುತ್ತದೆ, ಸಡಿಲಿಸಿದರೆ ದಾರ ಇದ್ದೂ ಇಲ್ಲದ ಹಾಗೆ. ಕೊನೆಗೆ ಸಿಕ್ಕಿದ್ದು ಒಂದು ತೆಳು ಹತ್ತಿಯದ್ದು. ಅಂಚು ನಾಲ್ಕು ಬೆರಳಗಲ, ಮುಂದೆ ಸ್ವಲ್ಪ ಗಟ್ಟಿ. ಅಂಚಿನ ಒಳಮೈ ಕಡುಹಸಿರು, ನೀರಿನ ಮೇಲಿನ ಹೊಳಪು ಕಣ್ಣಿಗೆ ಹೊಡೆಯದ ಹಾಗೆ. ಗಲ್ಲದ ದಾರ ಸಾಲದೆಂದು ಹಿಂದಿನಿಂದ ಒಂದು ಪಟ್ಟಿ, ಅದರ ತುದಿಯ ಕ್ಲಿಪ್ಪನ್ನು ಅಂಗಿಯ ಕಾಲರಿಗೆ ಸಿಕ್ಕಿಸಬೇಕು, ಟೋಪಿ ಹಾರಿದರೂ ಬೆನ್ನ ಮೇಲೇ ಬೀಳುತ್ತದೆ. ಬಾಲ್ಕನಿಯಲ್ಲಿ ಇವರ ತಲೆಗೆ ಹಾಕಿ, ಪೆಡೆಸ್ಟಲ್ ಫ್ಯಾನನ್ನು ಮೂರರಲ್ಲಿಟ್ಟು, ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದೆ. ಬಕೆಟಿನ ನೀರಿಗೆ ಹಾಕಿದೆ, ತೇಲಿತು.

"ಅಮ್ಮಾ, ಯೂ ಆರ್ ಇಂಪಾಸಿಬಲ್" ಎಂದಳು ಅನ್ವಿತಾ, ಕೆಮಿಸ್ಟ್ರಿ ಪುಸ್ತಕದಿಂದ ತಲೆಯೆತ್ತಿ. ಇವರು ಫ್ಯಾನಿನ ಮುಂದೆ ಸುಮ್ಮನೆ ಕೂತಿದ್ದರು. ಆ ಟೋಪಿಯಲ್ಲಿ ಇವರು ಚೆನ್ನಾಗಿ ಕಾಣುತ್ತಿದ್ದರು. ಅದೂ ನನಗೆ ಸ್ವಲ್ಪ ಸರಿ ಕಾಣಲಿಲ್ಲ.

ಡಿಸೆಂಬರಿನ ಒಂದು ಮಂಗಳವಾರ ಸಂಜೆ ತೊಳೆಯಲೆಂದು ಇವರ ಚೀಲದಿಂದ ಟೋಪಿ ತೆಗೆದೆ. ಒದ್ದೆಯಾಗಿತ್ತು. ಶನಿವಾರ ಒದ್ದೆಯಾದದ್ದು ಮಂಗಳವಾರದ ತನಕ ಇರುವುದಿಲ್ಲ, ಈ ಊರಿನಲ್ಲಿ ಕಂಬಳಿಯೂ ಒಂದು ಗಂಟೆಯಲ್ಲಿ ಒಣಗುತ್ತದೆ. ಮೂಸಿದೆ. ಉಪ್ಪಿನ ವಾಸನೆ ಇಲ್ಲ. ಕ್ಲೋರಿನ್. ಆಸ್ಪತ್ರೆಯಲ್ಲಿ ದಿನಾ ಅದರೊಡನೆ ಬದುಕುವವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಈಜುಕೊಳ.

"ಟೋಪಿ ಯಾಕೆ ಒದ್ದೆ?"

"ಬೆವರು."

"ಚಳಿಗಾಲದಲ್ಲಾ? ಏಸಿ ಆಫೀಸಿನಲ್ಲಾ?"

"ನೀರಿನ ಬಾಟಲಿ ಚೆಲ್ಲಿತು ಮಾರಾಯ್ತಿ."

ಒಂದು ಪ್ರಶ್ನೆಗೆ ಎರಡು ಉತ್ತರ ಬಂದರೆ ಎರಡೂ ಸುಳ್ಳು. ಅಂದಿನಿಂದ ನಾನು ಲೆಕ್ಕ ಇಡತೊಡಗಿದೆ. ಮಂಗಳವಾರ ಮತ್ತು ಗುರುವಾರ ಇವರು ಬರುವುದು ಏಳೂವರೆ, ಉಳಿದ ದಿನ ಆರು. ಕೇಳಿದರೆ ಟ್ರಾಫಿಕ್. ಟ್ರಾಫಿಕ್ಕಿಗೆ ವಾರದ ದಿನ ಗೊತ್ತಿರುತ್ತದೆಯೇ? ಒಂದು ಬುಧವಾರ ಇವರ ಫೋನು ಮೇಜಿನ ಮೇಲೆ ಬೆಳಗಿತು. ಇಂಗ್ಲಿಷಿನಲ್ಲಿ ಒಂದು ಸಂದೇಶ: ನಾಳೆ ಆರಕ್ಕೆ, ಜೇ, ಕ್ಯಾಪ್ ಮರೀಬೇಡ. ಕಳಿಸಿದವಳ ಹೆಸರು ಲೀಜಾ. ಕೊನೆಯಲ್ಲಿ ಒಂದು ನಗುಮುಖ. ಹದಿನೆಂಟು ವರ್ಷದಿಂದ ಇವರನ್ನು ಜೇ ಎಂದು ಕರೆದವರನ್ನು ನಾನು ಕಂಡಿರಲಿಲ್ಲ. ನಾನು ಫ್ಯಾನಿನ ಮುಂದಿಟ್ಟು, ಬಕೆಟಿನಲ್ಲಿ ತೇಲಿಸಿ ಆರಿಸಿದ ಟೋಪಿಯನ್ನು ಯಾವಳೋ ಒಬ್ಬಳು, ಯಾವುದೋ ಈಜುಕೊಳದ ಬದಿಯಲ್ಲಿ ನೋಡಿ ಮೆಚ್ಚುತ್ತಿದ್ದಾಳೆ! ಇವರನ್ನು ಕರೆಯಲು ಬಾಯಿ ತೆರೆದೆ. ಆದರೆ ಪಕ್ಕದ ಕೋಣೆಯಲ್ಲಿ ಹುಡುಗಿ ಓದುತ್ತಿದ್ದಳು. ಜಗಳ ಎಂದಿದ್ದರೆ ಪರೀಕ್ಷೆ ಮುಗಿದ ಮೇಲೆ ಎಂದು ಹಲ್ಲು ಕಚ್ಚಿ ಸುಮ್ಮನಾದೆ.

ಆ ವಾರವೇ ಇನ್ನೊಂದಾಯಿತು. ಇವರು ಬಾಲ್ಕನಿಯಲ್ಲಿ ವಿಲ್ಲಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ಕದ್ದು ಕೇಳಿದೆ ಎಂದರೂ ಆದೀತು.

"ಟೋಪಿ ಹಾಕಿ ಆಯ್ತಲ್ಲ ವಿಲ್ಲಿ, ಇನ್ನೆಂತ ಮಾಡುದು? ದಿನ ಹೋದ ಹಾಗೆ ಬಿಗಿಯಾಗ್ತಾ ಉಂಟು. ಈಗ ತೆಗೀಲಿಕ್ಕೂ ಧೈರ್ಯ ಇಲ್ಲ. ಅವಳಿಗೆ ಗೊತ್ತಾದ್ರೆ ಖಲಾಸ್."

ನನಗೆ ಲೀಜಾ ಕೂಡ ಮರೆತುಹೋದಳು. ನಾನು ಇಷ್ಟೆಲ್ಲ ಕಷ್ಟಪಟ್ಟು ಆರಿಸಿದ ಟೋಪಿ ಬಿಗಿಯಂತೆ! ತೆಗೆದಿಡಲು ನನ್ನ ಹೆದರಿಕೆಯಂತೆ! ಅದನ್ನು ನನ್ನ ಹತ್ತಿರ ಹೇಳುವುದು ಬಿಟ್ಟು ವಿಲ್ಲಿಯ ಹತ್ತಿರ ದೂರು ಹೇಳುತ್ತಿದ್ದಾರೆ. ಮರುದಿನ ಡ್ಯೂಟಿ ಮುಗಿಸಿ ನೇರ ಅಂಗಡಿಗೆ ಹೋಗಿ ಒಂದು ಸೈಜು ದೊಡ್ಡದನ್ನು ತಂದೆ. ದೊಡ್ಡ ಸೈಜಿನದಕ್ಕೆ ಹಿಂದಿನ ಪಟ್ಟಿಯೂ ಕ್ಲಿಪ್ಪೂ ಇರಲಿಲ್ಲ. ಹಳೆಯದರಿಂದ ಬಿಚ್ಚಿ ಇದಕ್ಕೆ ಹೊಲಿದರಾಯಿತು, ಮುಂದಿನ ವಾರ ಎಂದುಕೊಂಡೆ. "ಇದೆಂತಕ್ಕೆ ಇನ್ನೊಂದು?" ಎಂದರು ಇವರು. "ಬಿಗಿ ಅಂತ ಗೊತ್ತಾಯ್ತು. ಹೇಳುವವರು ಹೇಳಿದ್ರು" ಎಂದೆ, ಚುಚ್ಚುವ ಹಾಗೆ. ಇವರ ಮುಖ ಬಿಳುಚಿತು. ಒಂದು ಟೋಪಿಗೆ ಮನುಷ್ಯ ಇಷ್ಟು ಬಿಳುಚಬೇಕೇ ಎಂದು ನಾನು ಆಗಲಾದರೂ ಯೋಚಿಸಬೇಕಿತ್ತು. ಕಂಡಕಂಡದ್ದಕ್ಕೆಲ್ಲ ಅನುಮಾನ ಪಡುವ ನಾನು, ಅನುಮಾನ ಪಡಲೇಬೇಕಾಗಿದ್ದ ಆ ಒಂದು ಮಾತನ್ನು ಅಕ್ಷರಶಃ ನಂಬಿಬಿಟ್ಟೆ. ಟೋಪಿ ಹಾಕುವುದು ಎಂದರೆ ಕನ್ನಡದಲ್ಲಿ ಮೋಸ ಮಾಡುವುದು ಎಂದೂ ಆಗುತ್ತದೆಂದು, ಎರಡು ತಿಂಗಳು ಟೋಪಿಯನ್ನೇ ಧ್ಯಾನಿಸಿದ ನನ್ನ ತಲೆಗೆ ಹೊಳೆಯಲೇ ಇಲ್ಲ.

ಜನವರಿಯ ನಡುವಿನ ಒಂದು ಶನಿವಾರ ಗ್ರೆಗ್ ಎಲ್ಲರನ್ನೂ ಮನೆಯವರ ಸಮೇತ ಕಡಲ ತೀರಕ್ಕೆ ಕರೆದ. ದೋಣಿಗಳನ್ನು ಎಳೆದಿಡುವ ಒಂದು ಸಣ್ಣ ಕ್ಲಬ್ಬು, ಮುಂದೆ ಮರಳು, ಶಾಮಿಯಾನದಡಿ ಮೇಜು. ಬಡಗಣ ಗಾಳಿ ಬೆಳಿಗ್ಗೆಯಿಂದಲೇ ಎದ್ದಿತ್ತು, ಪೇಪರ್ ತಟ್ಟೆಗಳ ಮೇಲೆಲ್ಲ ಕಲ್ಲಿಟ್ಟಿದ್ದರು. ನಾನು ಹೋದದ್ದು ಕಡಲು ನೋಡಲಿಕ್ಕಲ್ಲ. ಆಫೀಸಿನ ಯಾವ ಹೆಂಗಸಿಗೆ ಲೀಜಾ ಎಂದು ಹೆಸರಿದೆ ಎಂದು ನೋಡಲು. ಒಬ್ಬೊಬ್ಬರ ಹತ್ತಿರ ಹೋಗಿ ನನ್ನ ಹೆಸರು ಹೇಳಿ ಅವರ ಹೆಸರು ಕೇಳಿದೆ. ಮಾರ್ಗರೆಟ್, ಸುನೀತಾ, ರಾಣಾ, ಇನ್ನೊಬ್ಬ ಸುನೀತಾ. ಇವರು, ವಿಲ್ಲಿ, ಗ್ರೆಗ್ ಮೂವರೂ ದೋಣಿಯಲ್ಲಿ ಆಗಲೇ ದೂರ ಹೋಗಿದ್ದರು. ನಾನು ಬೆನ್ನು ಹಾಕಿ ಎರಡನೇ ಸುನೀತಾಳನ್ನು ಅಳೆಯುತ್ತಿದ್ದೆ.

"ಅಮ್ಮಾ, ಅಪ್ಪನ ಹ್ಯಾಟ್!" ಎಂದು ಅನ್ವಿತಾ ಕೂಗಿದಳು.

ತಿರುಗಿದಾಗ ತಿಳಿಬಣ್ಣದ ಟೋಪಿ ನೀರಿನ ಮೇಲೆ ಹಾರುತ್ತಿತ್ತು. ಇವರು ದೋಣಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಚಾಚಿದ್ದು ಕಂಡಿತು. ಆಮೇಲೆ ದೋಣಿ ಓರೆಯಾಯಿತು, ಆಮೇಲೆ ದೋಣಿಯಲ್ಲಿ ಇಬ್ಬರೇ ಇದ್ದರು.

ಈಜು ಬರುವವರು, ಏನೂ ಆಗುವುದಿಲ್ಲ ಎಂದು ಯಾರೋ ಇಂಗ್ಲಿಷಿನಲ್ಲಿ ಹೇಳಿದರು. ನಾನೂ ಒಂದು ಕ್ಷಣ ಹಾಗೇ ಅಂದುಕೊಂಡೆ. ಲೈಫ್ ಜಾಕೆಟ್ಟಿನ ಕಿತ್ತಳೆ ಬಣ್ಣ ಮೇಲೆ ಬಂತು. ಆದರೆ ಎರಡು ಕೈಗಳು ನೀರನ್ನು ಹೊಡೆಯುತ್ತಿದ್ದ ರೀತಿ ನೋಡಿದೆ. ಮುಂದೆ ಹೋಗಲು ಹೊಡೆಯುವುದಲ್ಲ, ಹಿಡಿಯಲು ಏನಾದರೂ ಸಿಗುತ್ತದೆಯೇ ಎಂದು ಹೊಡೆಯುವುದು. ಸುಳ್ಯದ ನನಗೂ ತಿಳಿಯಿತು. ಈ ಮನುಷ್ಯನಿಗೆ ಈಜು ಬರುವುದಿಲ್ಲ. ಚಪ್ಪಲಿ ಹಾಕಿಕೊಂಡೇ ನೀರಿಗೆ ಇಳಿದೆ. ಸೊಂಟದ ತನಕ ನೀರು ಬಂದದ್ದೂ, ಸೀರೆ ಕಾಲಿಗೆ ಸುತ್ತಿಕೊಂಡದ್ದೂ ಆಮೇಲೆ ಗೊತ್ತಾಯಿತು. ಇವರ ಹೆಸರು ಹಿಡಿದು ಕೂಗಿದೆನಂತೆ. ಮದುವೆಯಾದ ಮೇಲೆ ಅದುವರೆಗೆ ಒಮ್ಮೆಯೂ ಕೂಗಿರಲಿಲ್ಲ. ಗ್ರೆಗ್ ದೋಣಿಯನ್ನು ತಿರುಗಿಸಿ ತಂದು ನಿಲ್ಲಿಸಿದ, ವಿಲ್ಲಿ ಜಾಕೆಟ್ಟಿನ ಹೆಗಲು ಹಿಡಿದು ಎಳೆದ. ಎರಡೋ ಮೂರೋ ನಿಮಿಷ ಆಗಿರಬಹುದು. ಅಷ್ಟರಲ್ಲಿ ನಾನು ವಿಧವೆಯಾಗಿ, ಮಗಳನ್ನು ಕರೆದುಕೊಂಡು ವಿಮಾನ ಹತ್ತಿ, ಊರು ಮುಟ್ಟಿ ಆಗಿತ್ತು. ಟೋಪಿ ಕೂಡ ಸಿಕ್ಕಿತು, ತೇಲುತ್ತಿತ್ತು.

ಮನೆಗೆ ಬಂದು ಬಿಸಿ ಗಂಜಿ ಕುಡಿಸಿದ ಮೇಲೆ, ಆ ಸಂಜೆ, ಇವರಾಗಿಯೇ ಬಾಯಿ ಬಿಟ್ಟರು. ಕಡಲಕರೆಯಲ್ಲಿ ಹುಟ್ಟಿದರೂ ಇವರ ಮನೆಯವರದ್ದು ಗದ್ದೆ ಬೇಸಾಯ. ಕಡಲಿಗೆ ಹೋಗುವವರು ಮೊಗವೀರರು. ಇವರ ಅಜ್ಜಿ ಮಕ್ಕಳನ್ನು ಮರಳಿನ ಮೇಲೂ ಬಿಡುತ್ತಿರಲಿಲ್ಲವಂತೆ. ಗ್ರೆಗ್‌ನ ಮುಂದೆ ಈಜು ಬರುತ್ತದೆ, ದೋಣಿ ಗೊತ್ತು ಎಂದು ಹೇಳಿಬಿಟ್ಟಿದ್ದರು, ಪಟ್ಟಿಯ ಹೆದರಿಕೆಯಿಂದ. ಹೇಳಿದ ಮೇಲೆ ಕಲಿಯಲೇಬೇಕಾಯಿತು. ವಿಲ್ಲಿಯ ಬಿಲ್ಡಿಂಗಿನ ಈಜುಕೊಳದಲ್ಲಿ ಮಂಗಳವಾರ, ಗುರುವಾರ ಕ್ಲಾಸು. ಕಲಿಸುವವಳು ಫಿಲಿಪ್ಪೀನ್ಸಿನ ಲೀಜಾ. ಜೊತೆಗಿದ್ದ ಏಳು ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ದೊಡ್ಡವನಿಗೆ ಎಂಟು ವರ್ಷ, ಇವರನ್ನು ಬಿಟ್ಟರೆ.

"ಮತ್ತೆ ಕ್ಯಾಪು?"

"ಈಜುವಾಗ ಹಾಕುವ ರಬ್ಬರಿನದ್ದು. ಕೂದಲು ಇಲ್ಲದವರೂ ಹಾಕ್ಲೇಬೇಕಂತೆ, ರೂಲು. ಒದ್ದೆಯದನ್ನು ನಿನ್ನ ಟೋಪಿಯೊಳಗೆ ಸುತ್ತಿ ತರ್ತಿದ್ದೆ."

"ಬಿಗಿ ಆಗ್ತಾ ಉಂಟು ಅಂತ ವಿಲ್ಲಿಯ ಹತ್ರ ಹೇಳಿದ್ದು ಅದನ್ನಾ?"

ಇವರು ಗಂಜಿಯ ಬಟ್ಟಲು ಕೆಳಗಿಟ್ಟರು. "ನಾನು ಗ್ರೆಗ್ಗಿಗೆ ಟೋಪಿ ಹಾಕಿದ್ದು ಕುಸುಮಾ. ನಿನಗೂ. ನಿನ್ನ ಅಪ್ಪನಿಗೂ." ಆಮೇಲೆ ಅವರೇ, "ಅದಕ್ಕೆ ನೀನು ದೊಡ್ಡ ಟೋಪಿ ತಂದದ್ದಾ?" ಎಂದು ಕೇಳಿದರು. ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಕ್ಲಿಪ್ಪು ಹೊಲಿಯದೆ ಕಳಿಸಿದವಳು ನಾನು. ಇನ್ನು ಸ್ವಲ್ಪದರಲ್ಲಿ ಆ ಮಾತಿನ ಎರಡು ಅರ್ಥಗಳ ನಡುವೆ ಇವರು ಮುಳುಗಿಹೋಗುತ್ತಿದ್ದರು.

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನಿನ್ನ ಹತ್ರ ಸುಳ್ಳು ಹೇಳಿದ್ರೂ ವಿಚಾರಣೆ, ಸತ್ಯ ಹೇಳಿದ್ರೂ ವಿಚಾರಣೆ. ಸುಳ್ಳಾದ್ರೆ ನಾನು ಮೊದಲೇ ತಯಾರಾಗಿ ಬಂದಿರ್ತೇನೆ."

ಸಿಟ್ಟಿನಿಂದ ಹೇಳಿದ್ದಲ್ಲ. ಸುಸ್ತಾದವರು ಹೇಳುವ ಹಾಗೆ ಹೇಳಿದರು. ಅದು ನನಗೆ ಬಹಳ ನೋವು ಮಾಡಿತು. ನಾನು ಒದ್ದೆ ಬಟ್ಟೆ ಹರವಲು ಬಾಲ್ಕನಿಗೆ ಹೋದೆ.

ಒದ್ದೆ ಅಂಗಿಯನ್ನು ಇವರ ಆಫೀಸಿನ ಚೀಲಕ್ಕೇ ತುರುಕಿ ತಂದಿದ್ದೆವು. ಚೀಲವೂ ನೆನೆದಿತ್ತು, ಒಣಗಿಸಲೆಂದು ಎಲ್ಲ ಖಾನೆಗಳನ್ನೂ ಬಿಡಿಸಿದೆ. ಒಳಗಿನ ಜಿಪ್ಪಿನ ಖಾನೆಯಲ್ಲಿ ಮಡಚಿದ ಒಂದು ಕಾಗದ, ಅಂಚು ಒದ್ದೆ. ಕಂಪನಿಯ ತಲೆಬರಹ. ಎರಡು ವಾರ ಹಿಂದಿನ ತಾರೀಕು. ಮಾರ್ಚ್ ಮೂವತ್ತೊಂದು ತಮ್ಮ ಕೊನೆಯ ಕೆಲಸದ ದಿನ ಎಂದು ಬರೆದಿತ್ತು. ಮೂರು 'ವಿಷಾದ' ಇದ್ದವು. ನಿಂತಲ್ಲೇ ಎರಡು ಸಲ ಓದಿದೆ. ಈಜಿನ ವಿಷಯ ಹೇಳಿ ಹಗುರಾದ ಹಾಗೆ ಕೂತಿದ್ದ ಮನುಷ್ಯ ಇದನ್ನು ಮಾತ್ರ ಹೇಳಿರಲಿಲ್ಲ. ನನ್ನ ಬಾಯಿಗೆ ಹತ್ತು ಪ್ರಶ್ನೆಗಳು ಒಟ್ಟಿಗೆ ಬಂದವು. ಕಾಗದವನ್ನು ಇದ್ದ ಹಾಗೇ ಮಡಚಿ, ಇದ್ದಲ್ಲೇ ಇಟ್ಟು, ಜಿಪ್ಪು ಎಳೆದು ಒಳಗೆ ಬಂದೆ.

"ಇನ್ನೇನಾದ್ರೂ ಉಂಟಾ ಹೇಳ್ಲಿಕ್ಕೆ?"

ಇವರ ಕಣ್ಣು ಅನ್ವಿತಾಳ ಕೋಣೆಯ ಬಾಗಿಲಿಗೆ ಹೋಯಿತು. ಬಾಗಿಲಿನ ಮೇಲೆ ಅವಳು ಪರೀಕ್ಷೆಯ ವೇಳಾಪಟ್ಟಿ ಅಂಟಿಸಿದ್ದಳು. "ಏನೂ ಇಲ್ಲ" ಎಂದರು.

ನನ್ನ ಗಂಡ ಸುಳ್ಳು ಹೇಳುವಾಗ ಎಡಗೈ ಹೆಬ್ಬೆರಳು ಉಂಗುರ ತಿರುಗಿಸುತ್ತದೆ. ತಿರುಗಿಸುತ್ತಿತ್ತು. "ಸರಿ" ಎಂದೆ ನಾನು.

ಅಷ್ಟು ಸಣ್ಣ ಮಾತನ್ನು ಅಷ್ಟು ಕಷ್ಟದಲ್ಲಿ ನಾನು ಯಾವತ್ತೂ ಹೇಳಿದ್ದಿಲ್ಲ. ಮುಂದಿನ ಎರಡು ತಿಂಗಳು ಹೇಗೆ ಕಳೆದೆನೋ ನನಗೇ ಗೊತ್ತು. ಇವರು ದಿನಾ ಟೈ ಕಟ್ಟಿ ಹೋಗುವುದನ್ನು ನೋಡುವುದು, ಕೆಲಸ ಹೇಗುಂಟು ಎಂದು ಯಾರಾದರೂ ಕೇಳಿದರೆ ಇವರಿಗಿಂತ ಮೊದಲು ನಾನೇ "ಒಳ್ಳೆದುಂಟು" ಎನ್ನುವುದು. ಊರಿನಿಂದ ಅತ್ತೆ ಫೋನು ಮಾಡಿದರೆ ಮಾತು ಬೇರೆ ಕಡೆಗೆ ತಿರುಗಿಸುವುದು. ಆಸ್ಪತ್ರೆಯಲ್ಲಿ ಒಂದು ದಿನ ಗೆರೆ ಕಪ್ಪಾದ ಪೊಟ್ಟಣವನ್ನೇ ಮೂರು ಸಲ ಹಬೆಗೆ ಕಳಿಸಿದೆನೆಂದು ಮೇಲಿನವಳು ಬೈದಳು. ಕೆಲವು ಸಲ ಇವರ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು. ನನ್ನ ಹತ್ತಿರವೂ ಹೇಳಬಾರದೇ? ಕೇಳಿಬಿಡೋಣ ಎಂದು ನಾಲಗೆಯ ತುದಿಗೆ ಬರುತ್ತಿತ್ತು. ಆಗ ಆ ಸುಸ್ತಾದ ದನಿ ನೆನಪಾಗುತ್ತಿತ್ತು. ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ. ಆ ಎರಡು ತಿಂಗಳಲ್ಲಿ ನಮ್ಮ ಅಡುಗೆಮನೆ ಹೊಳೆದಷ್ಟು ಮತ್ತೆಂದೂ ಹೊಳೆಯಲಿಲ್ಲ.

ಇವರು ಶನಿವಾರ ದೋಣಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಕಿತ್ತುಹಾಕಿದವನ ದೋಣಿಗೆ ಇನ್ನೂ ಯಾಕೆ ಎಂಬುದು ನನಗೆ ಬಿಡಿಸಲಾರದ ಒಗಟಾಗಿತ್ತು. ಹಳೆಯ ಟೋಪಿಯನ್ನೇ ಕೊಟ್ಟೆ, ಕ್ಲಿಪ್ಪನ್ನು ಕಾಲರಿಗೆ ನಾನೇ ಸಿಕ್ಕಿಸಿ ಎರಡು ಸಲ ಎಳೆದು ನೋಡಿ ಕಳಿಸುತ್ತಿದ್ದೆ. ಮಂಗಳವಾರದ ಈಜಿಗೆ ಈಗ ನಾನೂ ಹೋಗುತ್ತಿದ್ದೆ. ಫೆಬ್ರವರಿಯ ಕೊನೆಗೆ ಇವರು ಕೊಳದ ಅಗಲವನ್ನು ಒಂದೇ ಉಸಿರಿಗೆ ದಾಟಿದರು. ಸಣ್ಣ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಲೀಜಾ ಒಳ್ಳೆಯ ಹುಡುಗಿ, ನಗುಮುಖವನ್ನು ಎಲ್ಲರಿಗೂ ಕಳಿಸುತ್ತಾಳೆ, ನನಗೂ ಕಳಿಸಿದಳು.

ಮಾರ್ಚಿನ ಮೂರನೇ ವಾರ ಕೊನೆಯ ಪರೀಕ್ಷೆ. ಅನ್ವಿತಾಳನ್ನು ಬಿಟ್ಟು, ಮತ್ತೆ ಕರೆದುಕೊಂಡು ಹೋಗಲು ಶಾಲೆಯ ಹೊರಗೆ ಕಾರಿನಲ್ಲಿ ಕೂತಿದ್ದೆವು. ಬಿಸಿಲು ಆಗಲೇ ಏರಿತ್ತು, ಚಳಿಗಾಲ ಮುಗಿದಿತ್ತು. ಇವರು ಏಸಿ ಹೆಚ್ಚಿಸಿದರು, ಕಡಿಮೆ ಮಾಡಿದರು, ಪುನಃ ಹೆಚ್ಚಿಸಿದರು.

"ಒಂದು ವಿಷಯ ಹೇಳ್ಬೇಕಿತ್ತು" ಎಂದರು.

"ಮೂವತ್ತೊಂದಕ್ಕೆ ಖಲಾಸ್, ಅದಲ್ಲವಾ?"

ಇವರ ಕೈ ಸ್ಟಿಯರಿಂಗಿನ ಮೇಲೇ ನಿಂತಿತು. "ಯಾವಾಗ ಗೊತ್ತಾಯ್ತು?"

"ನೀವು ನೀರಿಗೆ ಬಿದ್ದ ದಿನ. ಚೀಲದಲ್ಲಿತ್ತು."

"ಜನವರಿಯಲ್ಲಾ?" ಇವರು ಏಸಿಯನ್ನು ಪೂರ್ತಿ ಆರಿಸಿದರು. "ಹೊಸ ವರ್ಷಕ್ಕೇ ಕಳಿಸುವುದು ಅಂತ ಇತ್ತು. ದೋಣಿಯಲ್ಲೇ ಕೇಳಿದೆ, ಮಗಳ ಪರೀಕ್ಷೆ ಉಂಟು, ಮಾರ್ಚ್ ತನಕ ಬಿಡು ಅಂತ. ಆಫೀಸಿನಲ್ಲಾಗಿದ್ರೆ ಕೇಳ್ಲಿಕ್ಕೆ ಬಾಯಿ ಬರ್ತಿರ್ಲಿಲ್ಲ. ಒಪ್ಪಿದ. ಹಾಗೆ ಒಪ್ಪಿದವನನ್ನು ಶನಿವಾರ ಬರುದಿಲ್ಲ ಅಂತ ಹೇಗೆ ಬಿಡುದು?"

ಎರಡು ತಿಂಗಳ ಒಗಟು ಅಷ್ಟರಲ್ಲಿ ಮುಗಿಯಿತು. ನಾನು ಇವರ ಕೈ ಹಿಡಿದುಕೊಂಡೆ. ಶಾಲೆಯ ಗೇಟು ತೆರೆದು ಮಕ್ಕಳು ಹೊರಬರತೊಡಗಿದ್ದರು. ಅವರ ನಡುವೆ ಅನ್ವಿತಾಳ ಕೆಂಪು ಚೀಲ ಇನ್ನೂ ಕಂಡಿರಲಿಲ್ಲ. ಇವರು ಗೇಟು ನೋಡದೆ ನನ್ನನ್ನೇ ನೋಡುತ್ತಿದ್ದರು.

"ಎರಡು ತಿಂಗಳು ನೀನು ಒಂದು ಮಾತು ಕೇಳ್ಲಿಲ್ಲ" ಎಂದರು. "ನೀನು!"

"ಕೇಳ್ಲಿಲ್ಲ."

"ಮತ್ತೆ ಏನೆಲ್ಲ ಮುಚ್ಚಿಟ್ಟಿದ್ದಿ ಮಾರಾಯ್ತಿ?"

"ಏನೂ ಇಲ್ಲ" ಎಂದೆ.

ಇವರು ನಂಬಲಿಲ್ಲ.